ಗಣಕಯಂತ್ರದ ಪುನಶ್ಚೇತನ: ಒಂದು ವಿವೇಚನೆ

ಪ್ರವೇಶದ ದಾಖಲೆ, ಅಂಕಪಟ್ಟಿ, ವೇತನದ ಲೆಕ್ಕ, ವಿದ್ಯಾರ್ಥಿನಿಲಯದ ಖರ್ಚುವೆಚ್ಚ ಇವೆಲ್ಲವೂ ಇಂದು ಗಣಕಯಂತ್ರದ ಒಡಲನ್ನು ಸೇರಿವೆ. ಒಂದು ದಿನ ಆ ಯಂತ್ರವು ಚಾಲನೆಗೊಳ್ಳದಿದ್ದರೆ ನಾವು ಪುನಶ್ಚೇತನ ಸಾಧನದ ಮೊರೆಹೋಗುತ್ತೇವೆ. ಅದು ‘ಸ್ಥಾಪಿತವಾದ ಕಾರ್ಯಾಚರಣ ವ್ಯವಸ್ಥೆ ಕಂಡುಬಂದಿಲ್ಲ’ ಎಂದು ತಿಳಿಸಿದೊಡನೆ, ಎಲ್ಲವೂ ಅಳಿಯಿತೆಂದು ಬಗೆದು, ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸಲು ಹೊರಡುವವರುಂಟು. ಅಲ್ಲಿಯವರೆಗೆ ಸುರಕ್ಷಿತವಾಗಿಯೇ ಇದ್ದ ದಾಖಲೆಗಳು ನಾಶವಾಗುವುದು ಆ ಗಳಿಗೆಯಲ್ಲಿ.

ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ಯನ್ನು ಒಂದು ಪ್ರಮಾಣವೆಂದು ಒಪ್ಪಿದ್ದಾರೆ. ಆದರೆ ಕಾಣಲು ತಕ್ಕ ಸನ್ನಿವೇಶವಿದ್ದೂ ವಸ್ತುವು ಕಾಣದಿದ್ದರೆ ಮಾತ್ರ ಅದರ ಅಭಾವ ಸಿದ್ಧವಾಗುತ್ತದೆ. ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನಲಾಗದು. ಸಾಧನಕ್ಕೆ ಕಾಣುವ ಯೋಗ್ಯತೆ ಇದೆಯೇ ಎಂಬುದನ್ನು ಈ ಕ್ರಮದಲ್ಲಿ ಪರೀಕ್ಷಿಸತಕ್ಕದ್ದು.

ಮೊದಲನೆಯದಾಗಿ, ಡಿಸ್ಕ್ ಗೋಚರಿಸುತ್ತಿದೆಯೇ ಎಂದು ನೋಡಬೇಕು. ಯಂತ್ರದ ಮೂಲ ಸೆಟಪ್ ಪರದೆಯಲ್ಲಿಯೂ ಅದು ಕಾಣದಿದ್ದರೆ ತಂತಿಯ ಜೋಡಣೆಯನ್ನಾಗಲಿ ಡಿಸ್ಕನ್ನೇ ಆಗಲಿ ಶಂಕಿಸಬಹುದು. ಅಲ್ಲಿ ಕಂಡು, ‘ಡಿಸ್ಕ್‌ಪಾರ್ಟ್’ನ ‘ಲಿಸ್ಟ್ ಡಿಸ್ಕ್’ ಆಜ್ಞೆಗೆ ಕಾಣದಿದ್ದರೆ, ಸಾಧನದಲ್ಲಿ ತಕ್ಕ ಡ್ರೈವರ್ ಇಲ್ಲವೆಂದು ಊಹಿಸಬೇಕು. 2020ರಲ್ಲಿ ಬಂದ ಇಂಟೆಲ್‌ನ 11ನೆಯ ಪೀಳಿಗೆಯಿಂದೀಚೆಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ‘ವಿಎಂಡಿ’ ಎಂಬ ವ್ಯವಸ್ಥೆಯಿಂದ ಈ ತೊಡಕು ಉಂಟಾಗುತ್ತದೆ. ತಯಾರಕರು ಒದಗಿಸುವ ಡ್ರೈವರನ್ನು ಪೆನ್‌ಡ್ರೈವಿನಿಂದ ಸೇರಿಸಿದರೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ.

ಎರಡನೆಯದಾಗಿ, ಡಿಸ್ಕ್ ಕಂಡರೂ ವಿಭಾಗಕ್ಕೆ ಬೀಗವಿರಬಹುದು. ‘ಬಿಟ್‌ಲಾಕರ್’ ಗೂಢಲಿಪೀಕರಣವಿದ್ದಲ್ಲಿ 48 ಅಂಕಿಗಳ ಪುನಃಪ್ರಾಪ್ತಿ ಕೀಲಿಯನ್ನು ಕೊಡುವವರೆಗೆ ಒಳಗಿನ ಯಾವ ಕಡತವೂ ಸಾಧನಕ್ಕೆ ತಿಳಿಯದು.

ಮೂರನೆಯದಾಗಿ, ಪುನಶ್ಚೇತನ ಪರಿಸರದಲ್ಲಿ ವಿಭಾಗಗಳ ಅಕ್ಷರಗಳು ಬದಲಾಗಿರಬಹುದು. ಎಂದಿನ ‘ಸಿ’ ವಿಭಾಗವು ಇಲ್ಲಿ ‘ಡಿ’ ಆಗಿರುವುದುಂಟು. ‘ಲಿಸ್ಟ್ ವಾಲ್ಯೂಮ್’ ಆಜ್ಞೆಯಿಂದ ವಿಭಾಗಗಳನ್ನು ಅರಿತು, ವಿಂಡೋಸ್ ಕಡತಕೋಶವಿರುವುದು ಯಾವುದರಲ್ಲಿ ಎಂದು ಹುಡುಕತಕ್ಕದ್ದು. ವಿಭಾಗವು ‘ರಾ’ ಎಂದು ತೋರಿದರೆ, ಬೀಗವಿಲ್ಲವೆಂದು ಖಚಿತಪಡಿಸಿಕೊಂಡ ಬಳಿಕ, ಕಡತವ್ಯವಸ್ಥೆ ಕೆಟ್ಟಿದೆಯೆಂದು ತಿಳಿಯಬೇಕು. ಆಗ ಫಾರ್ಮ್ಯಾಟ್ ಸರ್ವಥಾ ಸಲ್ಲದು. ‘ಚೆಕ್‌ಡಿಸ್ಕ್’ ಸಹ ದುರಸ್ತಿಯ ವೇಳೆ ಡಿಸ್ಕಿನ ಮೇಲೆ ಬರೆಯುವುದರಿಂದ, ಮುಂಚಿತವಾಗಿ ಇಡೀ ಡಿಸ್ಕಿನ ಪ್ರತಿ ತೆಗೆಯುವುದು ಕ್ಷೇಮ.

ನಾಲ್ಕನೆಯದಾಗಿ, ಚಾಲನೆಯ ವಿಧಾನ ಹೊಂದಬೇಕು. ಜಿಪಿಟಿ ಡಿಸ್ಕಿನಲ್ಲಿರುವ ವಿಂಡೋಸ್ ‘ಯುಇಎಫ್ಐ’ ವಿಧಾನದಲ್ಲಿಯೂ ಎಂಬಿಆರ್ ಡಿಸ್ಕಿನಲ್ಲಿರುವುದು ಹಳೆಯ ‘ಬಯಾಸ್’ ವಿಧಾನದಲ್ಲಿಯೂ ಆರಂಭವಾಗುತ್ತದೆ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತು ಹಳೆಯ ಯಂತ್ರದ ಸೆಟಪ್ ಬದಲಾದಾಗ ಈ ಹೊಂದಾಣಿಕೆ ತಪ್ಪಬಹುದು. ಸಾಧನವನ್ನೂ ಅದೇ ವಿಧಾನದಲ್ಲಿ ಆರಂಭಿಸತಕ್ಕದ್ದು.

ಕಡೆಯದಾಗಿ, ‘ಬೂಟ್‌ರೆಕ್’ನ ‘ರೀಬಿಲ್ಡ್‌ಬಿಸಿಡಿ’ ಆಜ್ಞೆ ಸೊನ್ನೆಯೆಂದು ಉತ್ತರಿಸಿದರೆ ಎದೆಗುಂದಬೇಕಾಗಿಲ್ಲ. ಅದು ಹುಡುಕುವುದು ಬಿಸಿಡಿ ಎಂಬ ಆರಂಭಿಕ ಪಟ್ಟಿಯಲ್ಲಿ ಇನ್ನೂ ಸೇರದ ವ್ಯವಸ್ಥೆಗಳನ್ನು. ಈಗಾಗಲೇ ಸೇರಿರುವುದು ಎಣಿಕೆಗೆ ಬಾರದು. ಹಳೆಯ ಪಟ್ಟಿಯ ಪ್ರತಿ ಇರಿಸಿಕೊಂಡು, ‘ಬಿಸಿಡಿಬೂಟ್’ ಆಜ್ಞೆಯಿಂದ ಆರಂಭಿಕ ಕಡತಗಳನ್ನು ಪುನಃ ರಚಿಸಬಹುದು. ಲಿನಕ್ಸ್ ಬಳಸುವವರಿಗೂ ಇಂತಹುದೇ ಅನುಭವವಾಗುವುದುಂಟು: 2021ರ ಗ್ರಬ್ 2.06ರಿಂದ ಇತರ ವ್ಯವಸ್ಥೆಗಳನ್ನು ಹುಡುಕುವ ‘ಓಎಸ್-ಪ್ರೋಬರ್’ ತಾನಾಗಿ ಕೆಲಸಮಾಡದು, ಅದನ್ನು ಸಕ್ರಿಯಗೊಳಿಸಬೇಕು.

ಈ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯಬಾರದೆಂಬುದೇ ಇಲ್ಲಿನ ಪರಮ ನಿಯಮ. ಬಿಟ್‌ಲಾಕರಿನ ಕೀಲಿಯನ್ನು ಕಾಗದದಲ್ಲಿ ಬರೆದು ಕಾರ್ಯಾಲಯದ ಕಪಾಟಿನಲ್ಲಿರಿಸುವುದು, ದಾಖಲೆಗಳ ಪ್ರತಿಯನ್ನು ನಿಯಮಿತವಾಗಿ ಬೇರೊಂದು ಡಿಸ್ಕಿನಲ್ಲಿ ಕಾಪಾಡುವುದು, ಇವೆರಡೂ ಪ್ರತಿ ಸಂಸ್ಥೆಯ ಕರ್ತವ್ಯ. ಇಪ್ಪತ್ತು ವರ್ಷಗಳ ಹಿಂದಿನ ವಿದ್ಯಾರ್ಥಿಯೊಬ್ಬನು ವರ್ಗಾವಣೆ ಪತ್ರದ ನಕಲು ಬೇಡಿ ಬಂದಾಗ, ಅವನ ಹೆಸರು ದೊರೆಯುವುದೂ ದೊರೆಯದಿರುವುದೂ ಈ ಎಚ್ಚರವನ್ನೇ ಅವಲಂಬಿಸಿರುತ್ತದೆ.