ಮಾಳಿಗೆ ಮೇಲಿನ ಮಳೆ ಎಲ್ಲಿಗೆ ಹೋಗಬೇಕು?

ಮಣ್ಣಿನ ಮಾಳಿಗೆ ಮನೆಗಳಿದ್ದ ಕಾಲದಲ್ಲಿ ನಮ್ಮ ಕಡೆ ಮಿರಗ ಕೂಡುವ ಮುಂಚೆಯೇ ಮಾಳಿಗೆಗೆ ಸವಳು ಮಣ್ಣು ಹರಡುತ್ತಿದ್ದರು. ನೀರು ಬಿದ್ದ ಕೂಡಲೇ ಆ ಮಣ್ಣು ಕರಗಿ ಬಿರುಕುಗಳಿಗೆ ಮೆತ್ತಿಕೊಳ್ಳುತ್ತಿತ್ತು. ಉಳಿದ ನೀರು ಇಳಿಜಾರು ಹಿಡಿದು, ಗೋಡೆಯಾಚೆ ಮೊಳದುದ್ದ ಚಾಚಿದ ದೋಣಿಯಿಂದ ದೂರಕ್ಕೆ ಬೀಳುತ್ತಿತ್ತು. ಹಳೆಯ ಗುಡಿಗಳಲ್ಲಿ ಅಭಿಷೇಕದ ನೀರು ಹೊರಬರುವ ಪ್ರನಾಳವೂ ಹಾಗೆಯೇ ಗೋಡೆ ಬಿಟ್ಟು ಮುಂದಕ್ಕೆ ಬಂದಿರುತ್ತದೆ. ಗೋಡೆಗೆ ನೀರು ತಾಗಬಾರದು, ಇಷ್ಟೇ ಅದರ ಲೆಕ್ಕ.

ಈಗ ಬಸವಕಲ್ಯಾಣವಿರಲಿ, ಹುಮನಾಬಾದ್ ಇರಲಿ, ಹೊಸದಾಗಿ ಏಳುವುದು ಹೆಚ್ಚಾಗಿ ಆರ್‌ಸಿಸಿ ಮನೆ. ನಕ್ಷೆಯಲ್ಲಿ ದೇವರ ಮನೆಗೆ, ಮೆಟ್ಟಿಲಿಗೆ, ಸಂಪಿಗೆ ಜಾಗ ಗುರುತಾಗಿರುತ್ತದೆ. ಮಳೆನೀರು ಇಳಿಯುವ ಪೈಪಿಗೆ ಮಾತ್ರ ಎಷ್ಟೋ ಸಲ ಇರುವುದಿಲ್ಲ. ಕಡೆಗೆ ಗೌಂಡಿ ಪ್ಯಾರಾಪೆಟ್ ಗೋಡೆಯ ಮೂಲೆಯಲ್ಲಿ 3 ಇಂಚಿನ ಪೈಪಿನ ತುಂಡೊಂದನ್ನು ಸಿಕ್ಕಿಸಿ ಕೆಲಸ ಮುಗಿಸುತ್ತಾನೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ತುಂಡಿನ ಕೆಳಗೆ ಗೋಡೆ ಮೇಲೆ ಕಪ್ಪು ಪಾಚಿಯ ಪಟ್ಟಿ ಮೂಡುತ್ತದೆ, ಒಳಗಡೆ ಗಿಲಾವು ಉಬ್ಬಿ ಉದುರುತ್ತದೆ. ಮನೆಯವರು ಮತ್ತೆ ಬಣ್ಣ ಹೊಡೆಸುತ್ತಾರೆ. ಆ ಹಣದಲ್ಲಿ ಇನ್ನೆರಡು ಪೈಪ್ ಬರುತ್ತಿದ್ದವು.

ಮೊದಲು ಲೆಕ್ಕ ಹಾಕಿ. ಬೀದರ್ ಜಿಲ್ಲೆಯಲ್ಲಿ ವರ್ಷಕ್ಕೆ 850 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೆ ಪೈಪಿನ ಗಾತ್ರಕ್ಕೆ ವರ್ಷದ ಮಳೆ ನೋಡಿದರೆ ಆಗದು, ಅತಿ ಜೋರಾಗಿ ಹೊಡೆಯುವ ಹೊತ್ತಿನ ಮಳೆ ನೋಡಬೇಕು. ದಿನವಿಡೀ ಜಿನುಗುವ ಮಳೆ ಮಾಳಿಗೆಗೆ ಏನೂ ಮಾಡುವುದಿಲ್ಲ; ಸಂಜೆ ಗುಡುಗಿ ಅರ್ಧ ತಾಸು ಸುರಿದು ಹೋಗುವ ಮಳೆಯೇ ಕಾಡುವುದು. ಹಾಗಾಗಿ ತಾಸಿಗೆ 100 ಮಿ.ಮೀ. ವೇಗದ ಮಳೆ ಹಿಡಿದು ಲೆಕ್ಕ ಮಾಡಿ. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 30×40 ಅಡಿಯ ಮಾಳಿಗೆ 1,200 ಚದರ ಅಡಿ, ಅಂದರೆ ಸುಮಾರು 111 ಚದರ ಮೀಟರ್. ಆ ವೇಗದಲ್ಲಿ ನಿಮಿಷಕ್ಕೆ 185 ಲೀಟರ್ ಬೀಳುತ್ತದೆ. ಹದಿನೈದು ಲೀಟರಿನ ಕೊಡದಲ್ಲಿ ನಿಮಿಷಕ್ಕೆ ಹನ್ನೆರಡು ಕೊಡ ಸುರಿದಂತೆ.

ಇಷ್ಟು ನೀರಿಗೆ ಎಷ್ಟು ಪೈಪ್ ಬೇಕು? ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕದ ಪ್ರಕಾರ ಈ ವೇಗದ ಮಳೆಗೆ 3 ಇಂಚಿನ (75 ಮಿ.ಮೀ.) ಪೈಪ್ ಸುಮಾರು 20 ಚದರ ಮೀಟರ್ ಮಾಳಿಗೆಯ ನೀರನ್ನಷ್ಟೇ ಇಳಿಸುತ್ತದೆ, 4 ಇಂಚಿನದು (100 ಮಿ.ಮೀ.) ಸುಮಾರು 42 ಚದರ ಮೀಟರಿನದು. ಒಂದೇ ಇಂಚು ಹೆಚ್ಚಾದರೆ ಕೆಲಸ ಇಮ್ಮಡಿ! ಚದರ ಅಡಿಯಲ್ಲಿ ನೆನಪಿಡುವುದಾದರೆ 3 ಇಂಚಿಗೆ 220, 4 ಇಂಚಿಗೆ 450. ನಮ್ಮ 1,200 ಚದರ ಅಡಿಗೆ 4 ಇಂಚಿನ ಮೂರು ಪೈಪ್ ಸಾಕು. 3 ಇಂಚಿನವಾದರೆ ಆರು ಬೇಕು. ಮೆಟ್ಟಿಲ ಕೋಣೆಯ ಛಾವಣಿ ನೀರು ಮಾಳಿಗೆಗೇ ಬೀಳುತ್ತಿದ್ದರೆ ಅದನ್ನೂ ಕೂಡಿಸಿಕೊಳ್ಳಿ.

ಎರಡನೆಯದು ಇಳಿಜಾರು. ಸ್ಲ್ಯಾಬ್ ಮಟ್ಟವಾಗಿಯೇ ಇರುತ್ತದೆ, ಅದರ ಮೇಲಿನ ಕೋಬಾದಲ್ಲಿ (ಇಟ್ಟಿಗೆ ಚೂರು, ಗಾರೆಯ ಪದರದಲ್ಲಿ) ಇಳಿಜಾರು ತೆಗೆಯಬೇಕು. ಎಂಟು ಅಡಿಗೆ ಒಂದು ಇಂಚು ಇಳಿಯಲಿ, ಅದಕ್ಕಿಂತ ಕಡಿಮೆ ಬೇಡ. ಗೌಂಡಿ “ನೀರು ತಾನೇ ಹೋಗ್ತದ್ರಿ” ಎಂದರೆ ಒಪ್ಪಬೇಡಿ. ದಾರ ಹಿಡಿಸಿ, ಟ್ಯೂಬ್ ಲೆವೆಲ್ ಇಟ್ಟು ನೋಡಿ. ಇಡೀ ಮಾಳಿಗೆಯನ್ನು ಒಂದೇ ಮೂಲೆಗೆ ಇಳಿಸುವ ಬದಲು ಮೂರು ಪಾಲು ಮಾಡಿ, ಪ್ರತಿ ಪಾಲಿಗೂ ತನ್ನದೇ ಪೈಪ್ ಕೊಡಿ. ಪೈಪಿನ ಬಾಯಿಯ ಸುತ್ತ ಒಂದು ಅಡಿ ಜಾಗ ಇನ್ನೂ ಒಂದಿಂಚು ತಗ್ಗಿರಲಿ. ಬಾಯಿಗೆ ಚಪ್ಪಟೆ ಜಾಳಿಗೆ ಹಾಕಿದರೆ ಬೇವಿನ ನಾಲ್ಕು ಎಲೆ ಬಂದು ಮುಚ್ಚಿಬಿಡುತ್ತವೆ, ಗುಮ್ಮಟದಂತೆ ಉಬ್ಬಿದ ಜಾಳಿಗೆಯೇ ಬೇಕು. ಪ್ಯಾರಾಪೆಟ್ ಗೋಡೆ ಮತ್ತು ನೆಲ ಕೂಡುವ ಸಂದಿಗೆ ಸಿಮೆಂಟಿನಿಂದ ಗೋಲಾ ಹೊಡೆಸಿ. ಸೋರುವುದು ಹೆಚ್ಚಾಗಿ ಅಲ್ಲಿಂದಲೇ.

ಇನ್ನೊಂದು ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮಾಳಿಗೆ ನೆಲಕ್ಕಿಂತ ಎರಡು ಇಂಚು ಮೇಲೆ ಪ್ಯಾರಾಪೆಟ್ ಗೋಡೆಯಲ್ಲಿ ಒಂದು ಖಾಲಿ ತೂತು ಬಿಡಿ, ಹೊರಗೆ ಅರ್ಧ ಅಡಿ ಚಾಚಿದ ಪೈಪ್ ಸಮೇತ. ರಾತ್ರಿ ಮಳೆಯಲ್ಲಿ ಕೆಳಗಿನ ಪೈಪ್ ಕಟ್ಟಿಕೊಂಡರೆ ನೀರು ಇದರಿಂದ ಧಾರೆಯಾಗಿ ಬೀಳುತ್ತದೆ. ಸದ್ದಿಗೆ ನಿಮಗೆ ಎಚ್ಚರವಾಗುತ್ತದೆ, ಮಾಳಿಗೆ ಕೆರೆಯಾಗುವುದು ತಪ್ಪುತ್ತದೆ.

ಪತ್ರಾ ಛಾವಣಿಯ ಮಾತು ಬೇರೆ. ಸಸ್ತಾಪುರ ಬಂಗ್ಲಾದ ಲಾರಿ ಗ್ಯಾರೇಜು, ಹುಮನಾಬಾದ್‌ನ ಗೋದಾಮು, ದಾಲ್ ಮಿಲ್ಲುಗಳಂಥ ಕಡೆ ನೀರು ನಿಲ್ಲುವುದಿಲ್ಲ, ಓಡಿಬಂದು ಅಂಚಿನಿಂದ ಹಾರುತ್ತದೆ. ಅದನ್ನು ಹಿಡಿಯಲು ಅಂಚಿನುದ್ದಕ್ಕೂ ದೋಣಿ ಕಟ್ಟಬೇಕು. 40×60 ಅಡಿಯ ಶೆಡ್ಡಿಗೆ ಎರಡು ಇಳಿಜಾರಿದ್ದರೆ ಒಂದೊಂದು ಬದಿಗೂ ಮೇಲೆ ಹೇಳಿದ ಮನೆಯಷ್ಟೇ ನೀರು. ಆರು ಇಂಚು ಅಗಲ, ಆರು ಇಂಚು ಆಳದ ತಗಡಿನ ದೋಣಿ ಮಾಡಿಸಿ, ಹತ್ತು ಅಡಿಗೆ ಒಂದು ಇಂಚು ಇಳಿಸಿ. 60 ಅಡಿಯನ್ನೂ ಒಂದೇ ಕಡೆಗೆ ಇಳಿಸಿದರೆ ಆರು ಇಂಚು ಇಳಿಯಬೇಕಾಗುತ್ತದೆ. ನಡುವೆ ಎತ್ತರವಿಟ್ಟು ಎರಡೂ ತುದಿಗೆ ಮೂರು ಮೂರು ಇಂಚು ಇಳಿಸುವುದು ಸುಲಭ. ಒಂದೊಂದು ತುದಿಗೆ ಅರ್ಧ ನೀರು ಬರುವುದರಿಂದ 4 ಇಂಚಿನ ಒಂದು ಪೈಪ್ ಸಾಲದು, ಎರಡೆರಡು ಹಾಕಿ, ಅಥವಾ ಎರಡೂ ತುದಿಗೆ 5 ಇಂಚಿನದು ಒಂದೊಂದು ಕೊಡಿ. ಮೂರು ಅಡಿಗೊಂದು ಕಬ್ಬಿಣದ ಹಿಡಿಕೆ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ದೋಣಿಯ ಹೊರ ಅಂಚು ಒಳ ಅಂಚಿಗಿಂತ ಅರ್ಧ ಇಂಚು ಕೆಳಗಿರಬೇಕು. ಆಗ ತುಂಬಿದರೂ ಅಂಗಳಕ್ಕೆ ಚೆಲ್ಲುತ್ತದೆ, ಒಳಗಿನ ಬೇಳೆ ಚೀಲಗಳ ಮೇಲೆ ಸುರಿಯುವುದಿಲ್ಲ. ಎರಡು ಶೆಡ್ಡುಗಳ ನಡುವಿನ ದೋಣಿಗೆ ಎರಡೂ ಕಡೆಯ ನೀರು ಬರುವುದರಿಂದ ಅದು ಮನುಷ್ಯ ಕಾಲಿಟ್ಟು ನಡೆದು ಕಸ ತೆಗೆಯುವಷ್ಟು ಅಗಲವಿರಲಿ.

ಇಳಿಯುವ ಪೈಪನ್ನು ಗೋಡೆಯೊಳಗೆ ಹೂಳಬೇಡಿ. ಹೊರಗೆ, ಗೋಡೆಗೆ ಎರಡು ಬೆರಳು ಬಿಟ್ಟು ಕ್ಲಾಂಪ್ ಹಾಕಿಸಿ. ಬುಡದಲ್ಲಿ ತೆರೆಯಲು ಬರುವ ಬೆಂಡ್ ಇರಲಿ. ಸಂಡಾಸಿನ ಪೈಪಿಗೆ ಎಂದೂ ಕೂಡಿಸಬೇಡಿ.

ಇನ್ನು ಕೆಳಗೆ ಬಂದ ನೀರು. ಇದನ್ನು ನೆಲ ನೋಡಿಯೇ ತೀರ್ಮಾನಿಸಬೇಕು. ನಮ್ಮ ಭಾಗದಲ್ಲಿ ದಿಣ್ಣೆಯ ಮೇಲೆ ಜಂಬಿಟ್ಟಿಗೆಯ ಕೆಂಪು ನೆಲ, ತಗ್ಗಿನಲ್ಲಿ ಎರೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಪೈಪಿನ ನೀರು ಪಾಯದ ಬುಡದಲ್ಲೇ ಬಿದ್ದರೆ ಆ ಮೂಲೆ ಏರಿ ಇಳಿದು ಗೋಡೆಗೆ ಓರೆ ಬಿರುಕು ಬರುತ್ತದೆ. ಅಂಥ ಕಡೆ ಮನೆ ಸುತ್ತ ಮೂರು ಅಡಿ ಶಹಾಬಾದ್ ಪರ್ಸಿ ಹಾಸಿ ಹೊರಕ್ಕೆ ಇಳಿಜಾರು ಕೊಡಿ, ನೀರನ್ನು ಗಟಾರಕ್ಕೋ ತೊಟ್ಟಿಗೋ ಮುಟ್ಟಿಸಿ. ಇಂಗುಗುಂಡಿ ಅಲ್ಲಿ ಬೇಡ.

ಜಂಬಿಟ್ಟಿಗೆ ನೆಲದಲ್ಲಿ ಮಾತ್ರ ಇಂಗುಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಕಲ್ಲು ನೀರು ಹೀರಿ ಕೆಳಗೆ ಬಿಡುತ್ತದೆ; ಬೀದರ್ ಹತ್ತಿರ ನೌಬಾದ್‌ನಲ್ಲಿರುವ ಬಹಮನಿ ಕಾಲದ ಸುರಂಗ ಬಾವಿಗೆ ನೀರು ಬರುತ್ತಿದ್ದುದು ಈ ಗುಣದಿಂದಲೇ. ಪಾಯದಿಂದ ಹತ್ತು ಅಡಿ ದೂರ ಗುಂಡಿ ತೋಡಿ ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ. ತೊಟ್ಟಿಗೆ ಹಿಡಿಯುವುದಾದರೆ ಮೊದಲ ಮಳೆಯ 200 ಲೀಟರ್ ಹೊರಗೆ ಬಿಟ್ಟುಬಿಡಿ, ಅದರಲ್ಲಿ ಪಾರಿವಾಳದ ಹಿಕ್ಕೆ, ದೂಳು ಇರುತ್ತದೆ. ನೂರಕ್ಕೆ 80 ಪಾಲು ಕೈಗೆ ಸಿಕ್ಕರೂ ಆ 1,200 ಚದರ ಅಡಿಯಿಂದ ವರ್ಷಕ್ಕೆ ಸುಮಾರು 75,000 ಲೀಟರ್. ಬೇಸಿಗೆಯಲ್ಲಿ ಟ್ಯಾಂಕರ್ ಕಾದವರಿಗೆ ಇದರ ಬೆಲೆ ಗೊತ್ತು.

ರೋಹಿಣಿ ಮಳೆಗೆ ಮುಂಚೆ, ಮೇ ಮೂರನೇ ವಾರದಲ್ಲಿ ಮಾಳಿಗೆ ಹತ್ತಿ. ಜಾಳಿಗೆ ಬಿಡಿಸಿ ತೊಳೆಯಿರಿ, ಸಂದಿಯಲ್ಲಿ ಹುಟ್ಟಿದ ಅರಳಿ ಸಸಿಗಳನ್ನು ಬೇರು ಸಮೇತ ಕೀಳಿರಿ. ನಾಲ್ಕು ಬಕೆಟ್ ನೀರು ಸುರಿದು ಕಾಲು ತಾಸು ಬಿಟ್ಟು ನೋಡಿ. ಎಲ್ಲಿ ನೀರು ನಿಂತಿದೆಯೋ ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಗೌಂಡಿಯನ್ನು ಕರೆದು ಆ ಗೆರೆ ತೋರಿಸಿ.