ಅರ್ಧ ಅಡಿಗೆ ಅರ್ಧ ಅಡಿ: ಗುಣಿಸಿದರೆ ಕಾಲೇಕೆ?

ಪ್ರಶ್ನೆ: ಅಡುಗೆಮನೆ ಕಟ್ಟೆಗೆ ಮೂರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲದ ಕಡಪಾ ಕಲ್ಲು ಕೊಂಡೆ. ಮೂರೆರಡ್ಲಿ ಆರು, ಅರ್ಧಕ್ಕೆ ಅರ್ಧ ಕಾಲು, ಒಟ್ಟು 6¼ ಚದರ ಅಡಿ ಎಂಬುದು ನನ್ನ ಲೆಕ್ಕ. ಅಂಗಡಿಯವರು 8¾ ಅಂದರು. ಯಾರದು ಸರಿ? ಗುಣಿಸಿದರೆ ಹೆಚ್ಚಾಗಬೇಕಲ್ಲವೇ, ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು ಭಾಗಕ್ಕೆ ಇಳಿಯುವುದೇಕೆ?

ಉತ್ತರ: ಅಂಗಡಿಯವರದೇ ಸರಿ. ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ನೋಡಿ. ಉದ್ದದಲ್ಲಿ ಮೂರು ಅಡಿಗೆ ಒಂದು ಗೆರೆ, ಅಗಲದಲ್ಲಿ ಎರಡು ಅಡಿಗೆ ಒಂದು. ಕಲ್ಲು ನಾಲ್ಕು ತುಂಡಾಗಿ ಕಾಣುತ್ತದೆ. ದೊಡ್ಡದು 6 ಚದರ ಅಡಿ, ಮೂಲೆಯ ಪುಟ್ಟ ಚೌಕ ಕಾಲು ಚದರ ಅಡಿ. ಇವೆರಡನ್ನು ನೀವು ಹಿಡಿದಿದ್ದೀರಿ. ಬಿಟ್ಟಿರುವುದು ಎರಡು ಪಟ್ಟಿಗಳನ್ನು: ಮೂರು ಅಡಿ ಉದ್ದ, ಅರ್ಧ ಅಡಿ ಅಗಲದ್ದು 1½, ಎರಡು ಅಡಿ ಉದ್ದ, ಅರ್ಧ ಅಡಿ ಅಗಲದ್ದು 1. ಎಲ್ಲ ಕೂಡಿಸಿದರೆ 8¾.

ನಿಮ್ಮ ಎರಡನೆಯ ಸಂಶಯ ಇನ್ನೂ ಒಳ್ಳೆಯದು. ಆ ಮೂಲೆಯ ಚೌಕ ಆರು ಇಂಚಿಗೆ ಆರು ಇಂಚು, ಅಂದರೆ 36 ಚದರ ಇಂಚು. ಒಂದು ಚದರ ಅಡಿಯಲ್ಲಿ 144 ಚದರ ಇಂಚು ಇವೆ. ಅಲ್ಲಿಗೆ ನಾಲ್ಕರಲ್ಲಿ ಒಂದು ಪಾಲು. ಗುಣಿಸುವ ಸಂಖ್ಯೆ ಒಂದಕ್ಕಿಂತ ದೊಡ್ಡದಾದರೆ ಮಾತ್ರ ಗುಣಲಬ್ಧ ಬೆಳೆಯುತ್ತದೆ. ಅರ್ಧದಿಂದ ಗುಣಿಸುವುದೆಂದರೆ ಇರುವುದರಲ್ಲಿ ಅರ್ಧ ತೆಗೆದುಕೊಳ್ಳುವುದು, ಆದ್ದರಿಂದ ಕುಗ್ಗಲೇಬೇಕು.

ಇದೇ ಚೌಕಗಳಿಂದ ಇಡೀ ಕಲ್ಲನ್ನು ಅಳೆಯಬಹುದು. ಅರ್ಧ ಅಡಿಯ ಚೌಕಗಳು ಉದ್ದಕ್ಕೆ ಏಳು, ಅಗಲಕ್ಕೆ ಐದು, ಒಟ್ಟು 35. ನಾಲ್ಕಕ್ಕೆ ಒಂದು ಚದರ ಅಡಿ. 35ನ್ನು 4ರಿಂದ ಭಾಗಿಸಿದರೆ ಮತ್ತೆ 8¾. ಶಾಲೆಯಲ್ಲಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಗುಣಿಸಿ ಎಂದು ಬಾಯಿಪಾಠ ಮಾಡಿಸುತ್ತಾರಲ್ಲ, ಅದರ ಒಳಗಿರುವುದು ಇಷ್ಟೇ. ಛೇದಗಳ ಗುಣಲಬ್ಧ ಒಂದು ಪೂರ್ಣ ಚೌಕದಲ್ಲಿ ಎಷ್ಟು ಮನೆಗಳು ಎಂದು ಹೇಳುತ್ತದೆ, ಅಂಶಗಳ ಗುಣಲಬ್ಧ ನಮ್ಮ ಪಾಲಿಗೆ ಬಂದ ಮನೆಗಳೆಷ್ಟು ಎಂದು. ಮುಕ್ಕಾಲು ಅಡಿಗೆ ಮೂರನೇ ಎರಡು ಅಡಿಯ ತುಂಡಾದರೆ ಹನ್ನೆರಡು ಮನೆಗಳಲ್ಲಿ ಆರು, ಅರ್ಧ ಚದರ ಅಡಿ. ಚಿತ್ರ ಬರೆಸದೆ ಸೂತ್ರ ಮಾತ್ರ ಕಲಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಸೂತ್ರ ಮಾತ್ರ ಬಹಳ ಹಳೆಯದು. ಬ್ರಹ್ಮಗುಪ್ತ 628ರಲ್ಲೇ ಹೇಳಿದ್ದಾನೆ. ಒಂಬತ್ತನೆಯ ಶತಮಾನದಲ್ಲಿ ನಮ್ಮ ಅಮೋಘವರ್ಷ ನೃಪತುಂಗನನ್ನು ಕೊಂಡಾಡಿ ‘ಗಣಿತಸಾರಸಂಗ್ರಹ’ವನ್ನು ಆರಂಭಿಸಿದ ಮಹಾವೀರಾಚಾರ್ಯ ಭಿನ್ನರಾಶಿಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ.

ಕಲ್ಲಿನಲ್ಲಿ ತಪ್ಪಿದರೆ ಹೋಗುವುದು ಸ್ವಲ್ಪ ಹಣ. ಜಮೀನಿನಲ್ಲಿ ಹಾಗಲ್ಲ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಅರ್ಧ ಗುಂಟೆ ಬೇಕೆಂದು ಎರಡೂ ಬದಿಗಳನ್ನು ಅರ್ಧ ಮಾಡಿ 16½ಕ್ಕೆ 16½ ಅಡಿ ಅಳೆದರೆ ಸಿಗುವುದು 272¼ ಚದರ ಅಡಿ, ಅಂದರೆ ಬರೀ ನಾಲ್ಕು ಆಣೆ, ಕಾಲು ಗುಂಟೆ. ಒಂದು ಬದಿಯನ್ನು 33 ಅಡಿಯಾಗಿಯೇ ಬಿಟ್ಟು ಇನ್ನೊಂದನ್ನು ಮಾತ್ರ 16½ಕ್ಕೆ ಇಳಿಸಿ. ಆಗ 544½ ಚದರ ಅಡಿ, ಸರಿಯಾಗಿ ಅರ್ಧ ಗುಂಟೆ.