ಡಾಲರ್ ಎಷ್ಟು, ಕೈಗೆ ಬಂದದ್ದೆಷ್ಟು?



ಕಳೆದ ಮಳೆಗಾಲದಲ್ಲಿ ಒಂದು ಸ್ವಸಹಾಯ ಸಂಘದ ಸಭೆಗೆ ಹೋಗಿದ್ದೆ. ಸದಸ್ಯೆಯೊಬ್ಬರು ಮಗಳ ಲ್ಯಾಪ್‌ಟಾಪಿಗೆಂದು 30,000 ರೂಪಾಯಿ ಸಾಲ ಕೇಳಿದ್ದರು. ಮಗಳು ಬಿ.ಕಾಂ. ಮುಗಿಸಿ, ನಮ್ಮ ಕೇಂದ್ರದಲ್ಲಿ ಕಂಪ್ಯೂಟರ್ ಕಲಿತು, ಗೆಳತಿಯ ಲ್ಯಾಪ್‌ಟಾಪಿನಲ್ಲಿ ಮನೆಯಿಂದಲೇ ಆನ್‌ಲೈನ್ ಕೆಲಸ ಹಿಡಿದಿದ್ದಳು. "ಮೊದಲ ಕೆಲಸಕ್ಕೇ 15 ಡಾಲರ್ ಸಿಸ್ಟರ್, 1,350 ರೂಪಾಯಿ! ವಾರಕ್ಕೆ ಎರಡು ಮಾಡಿದ್ರೂ ಕಂತು ಕಟ್ಟೋದು ಕಷ್ಟ ಇಲ್ಲ" ಅಂದರು ತಾಯಿ. ನಾನೂ ಬೋರ್ಡಿನ ಮೇಲೆ ಗುಣಿಸಿ, ತಿಂಗಳಿಗೆ 10,800 ಅಂತ ಬರೆದೆ. ಎಲ್ಲರೂ ತಲೆಯಾಡಿಸಿದರು. ಆಗ ಸಂಘದ ಲೆಕ್ಕ ಬರೆಯುವ ಅಕ್ಕ ಮೂಲೆಯಿಂದ, "ಬ್ಯಾಂಕಿಗೆ ಎಷ್ಟು ಬಿತ್ತು, ಕೇಳಿದ್ರಾ?" ಅಂದರು. ಹುಡುಗಿ ಮೊಬೈಲ್ ತೆಗೆದು ತೋರಿಸಿದಳು. 1,047 ರೂಪಾಯಿ. ಅದೂ ಕೆಲಸ ಮುಗಿಸಿ ಕೊಟ್ಟ ಮೂರು ವಾರದ ಮೇಲೆ.

ಎಂ.ಎಸ್.ಡಬ್ಲ್ಯೂ. ಓದಿದ ನನಗೆ ಹೊಳೆಯದ ಪ್ರಶ್ನೆ ಏಳನೇ ಕ್ಲಾಸು ಓದಿದ ಅವರಿಗೆ ಹೊಳೆಯಿತು! ಬೋರ್ಡ್ ಒರೆಸಿ ಮತ್ತೆ ಶುರು ಮಾಡಿದೆವು. ಆ ದಿನ ಕಲಿತದ್ದನ್ನೂ, ಆಮೇಲೆ ಹುಡುಗಿಯರ ಜೊತೆ ಕೂತು ನೋಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅಡಿಕೆಯನ್ನು ಮಂಡಿಗೆ ಹಾಕುವವರಿಗೆ ಇದು ಹೊಸದಲ್ಲ. ಧಾರಣೆ ಒಂದು, ಕಮಿಷನ್, ಹಮಾಲಿ ಕಳೆದು ಚೀಟಿಯಲ್ಲಿ ಬರುವ ಮೊತ್ತ ಇನ್ನೊಂದು. ಆನ್‌ಲೈನ್ ಕೆಲಸದ ತಾಣಗಳೂ ಒಂದು ಬಗೆಯ ಮಂಡಿಗಳೇ. ಕೆಲಸ ಕೊಡುವವರು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುತ್ತಾರೆ, ಮಾಡುವವರು ನಮ್ಮ ಹುಡುಗಿಯರು, ನಡುವೆ ತಾಣ. ವ್ಯತ್ಯಾಸ ಏನೆಂದರೆ ಒಂದೊಂದು ಮಂಡಿಯ ಕತ್ತರಿ ಒಂದೊಂದು ಕಡೆ ಇರುತ್ತದೆ.

ಫೈವರ್ ಎಂಬ ತಾಣ 2010ರಲ್ಲಿ ಇಸ್ರೇಲಿನಲ್ಲಿ ಶುರುವಾದದ್ದು. ಇಲ್ಲಿ ಲೆಕ್ಕ ಸರಳ: ದುಡಿದದ್ದರಲ್ಲಿ ಶೇ. 20 ಅವರಿಗೆ. ಗಿರಾಕಿ ಖುಷಿಯಿಂದ ಕೊಟ್ಟ ಟಿಪ್ಸಿನಲ್ಲೂ ಶೇ. 20. ಸಾಮಾನ್ಯವಾಗಿ ಕೆಲಸ ಮುಗಿದು 14 ದಿನ ಹಣವನ್ನು ತಡೆದಿಡುತ್ತಾರೆ.

ಆಸ್ಟ್ರೇಲಿಯಾದ ಫ್ರೀಲ್ಯಾನ್ಸರ್ ತಾಣದಲ್ಲಿ ಶೇ. 10. ಕೇಳಲು ಅರ್ಧಕ್ಕರ್ಧ ಕಡಿಮೆ. ಆದರೆ ಒಟ್ಟು ಮೊತ್ತಕ್ಕೆ ಗುತ್ತಿಗೆ ಹಿಡಿದ ಕೆಲಸಕ್ಕೆ ಶೇ. 10 ಅಥವಾ 5 ಡಾಲರ್, ಯಾವುದು ಹೆಚ್ಚೋ ಅದು. ಅಂದರೆ 15 ಡಾಲರಿನ ಕೆಲಸಕ್ಕೆ 5 ಡಾಲರ್ ಹೋಗುತ್ತದೆ, ಮೂರರಲ್ಲಿ ಒಂದು ಪಾಲು! 25 ಡಾಲರಿಗಿಂತ ಚಿಕ್ಕ ಕೆಲಸಕ್ಕೆ ಶೇ. 20ರ ಫೈವರೇ ಅಗ್ಗ, ಅದರ ಮೇಲಕ್ಕೆ ಫ್ರೀಲ್ಯಾನ್ಸರ್ ಅಗ್ಗ. ಇನ್ನೊಂದು ಮಾತು, ಇಲ್ಲಿ ಕೆಲಸ ಒಪ್ಪಿಕೊಂಡಾಗಲೇ ಶುಲ್ಕ ಹಿಡಿಯುತ್ತಾರೆ, ಗಿರಾಕಿಯ ಹಣ ಬಂದ ಮೇಲಲ್ಲ. ಹಾಗಾಗಿ ಗಿರಾಕಿ ತಾಣದಲ್ಲಿ ಹಣ ಠೇವಣಿ ಇಟ್ಟ ಮೇಲೆಯೇ ಕೆಲಸಕ್ಕೆ ಕೈ ಹಾಕಿ.

ಅಪ್‌ವರ್ಕ್ ಲೆಕ್ಕ ಸ್ವಲ್ಪ ಉದ್ದ. ಈ ಹೆಸರು ಬಂದದ್ದು 2015ರಲ್ಲಿ. 2016ರಿಂದ ಒಬ್ಬ ಗಿರಾಕಿಯಿಂದ ಬಂದ ಮೊದಲ 500 ಡಾಲರಿಗೆ ಶೇ. 20, ಆಮೇಲೆ ಶೇ. 10, 10,000 ದಾಟಿದರೆ ಶೇ. 5 ಇತ್ತು. 2023ರಲ್ಲಿ ಎಲ್ಲಕ್ಕೂ ಶೇ. 10 ಮಾಡಿದರು. 2025ರ ಮೇ 1ರಿಂದ ಹೊಸ ಕೆಲಸಗಳಿಗೆ ಸೊನ್ನೆಯಿಂದ ಶೇ. 15ರ ತನಕ, ಕೆಲಸ ನೋಡಿ ಬೇರೆ ಬೇರೆ. ಅರ್ಜಿ ಹಾಕುವ ಮುಂಚೆ ಅದು ಎಷ್ಟು ಅಂತ ಪರದೆಯ ಮೇಲೆ ಕಾಣಿಸುತ್ತದೆ, ಓದದೆ ಒತ್ತಬೇಡಿ. ಇದರ ಮೇಲೆ ಜಿ.ಎಸ್.ಟಿ. ನಂಬರ್ ಇಲ್ಲದವರಿಗೆ ಶುಲ್ಕದ ಶೇ. 18 ಜಿ.ಎಸ್.ಟಿ. ಸೇರುತ್ತದೆ. ಗಳಿಕೆಯ ಮೇಲೆ ಟಿ.ಡಿ.ಎಸ್. ಮೊದಲು ಶೇ. 1 ಇದ್ದದ್ದು 2024ರ ಅಕ್ಟೋಬರಿನಿಂದ ಶೇ. 0.1 ಆಯಿತು. ಆದರೆ ಪಾನ್ ಕಾರ್ಡ್ ಕೊಡದಿದ್ದರೆ ಶೇ. 5! ಹಿಡಿದ ಟಿ.ಡಿ.ಎಸ್. ಅನ್ನು ರಿಟರ್ನ್ ಸಲ್ಲಿಸಿ ವಾಪಸು ಕೇಳಬಹುದು, ಜಿ.ಎಸ್.ಟಿ. ಹೋದದ್ದು ಹೋಯಿತು. ನಮ್ಮ ಬ್ಯಾಂಕಿಗೆ ಹಣ ಹಾಕುವಾಗ ಪ್ರತಿ ಸಲ 0.99 ಡಾಲರ್.

ಇಷ್ಟೇನಾ? ಇಲ್ಲ. ಅಪ್‌ವರ್ಕಿನಲ್ಲಿ ಅರ್ಜಿ ಹಾಕಲಿಕ್ಕೇ ದುಡ್ಡು. ಅದಕ್ಕೆ 'ಕನೆಕ್ಟ್ಸ್' ಅಂತಾರೆ, ಒಂದಕ್ಕೆ 15 ಸೆಂಟ್. ಒಂದು ಅರ್ಜಿಗೆ 10 ಕನೆಕ್ಟ್ಸ್ ಹಿಡಿದರೆ ಒಂದೂವರೆ ಡಾಲರ್. ಕೆಲಸ ಸಿಗದಿದ್ದರೂ ಅದು ಖರ್ಚೇ. ಹೊಸಬರಿಗೆ ಮೊದಲ ಅರ್ಜಿಗೇ ಕೆಲಸ ಸಿಗುವುದಿಲ್ಲ, ಐದನೆಯದಕ್ಕೆ ಸಿಕ್ಕರೆ ಪುಣ್ಯ.

ಈಗ 15 ಡಾಲರಿನ ಅದೇ ಕೆಲಸವನ್ನು ಮೂರೂ ಕಡೆ ಇಟ್ಟು ನೋಡೋಣ. ಫೈವರ್‌ನಲ್ಲಿ ಉಳಿಯುವುದು 12 ಡಾಲರ್. ಫ್ರೀಲ್ಯಾನ್ಸರ್‌ನಲ್ಲಿ 10. ಅಪ್‌ವರ್ಕಿನಲ್ಲಿ ಶುಲ್ಕ ಶೇ. 10 ಅಂತ ಹಿಡಿದರೆ ಒಂದೂವರೆ ಡಾಲರ್, ಅದರ ಜಿ.ಎಸ್.ಟಿ. 27 ಸೆಂಟ್, ಟಿ.ಡಿ.ಎಸ್. 2 ಸೆಂಟ್, ಬ್ಯಾಂಕಿಗೆ 99 ಸೆಂಟ್ ಕಳೆದು 12.22. ಎಲ್ಲಕ್ಕಿಂತ ಹೆಚ್ಚು ಅನ್ನಿಸುತ್ತದೆ ಅಲ್ಲವೇ? ಐದು ಅರ್ಜಿಯ ಏಳೂವರೆ ಡಾಲರ್ ಕಳೆಯಿರಿ, 4.72 ಡಾಲರ್ ಉಳಿಯಿತು. ಡಾಲರಿಗೆ 90 ರೂಪಾಯಿಯಂತೆ (ಇದು ಲೆಕ್ಕಕ್ಕೆ ಮಾತ್ರ, ನೀವು ಆ ದಿನದ ದರ ನೋಡಿ) 425 ರೂಪಾಯಿ. 2025–26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನಮ್ಮ ಹುಡುಗಿ ಇಂಥ ಕೆಲಸಕ್ಕೆ ಆರು ಗಂಟೆ ಟೈಪ್ ಮಾಡಿದ್ದಳು. ಕೆಲಸ ಹುಡುಕಿದ ರಾತ್ರಿಗಳನ್ನು ಬರೆದಿಟ್ಟೇ ಇರಲಿಲ್ಲ.

ಕೆಲಸ ದೊಡ್ಡದಾದರೆ ಚಿತ್ರ ಬೇರೆ. 200 ಡಾಲರಿಗೆ ಫೈವರ್‌ನಲ್ಲಿ 160, ಫ್ರೀಲ್ಯಾನ್ಸರ್‌ನಲ್ಲಿ 180, ಅಪ್‌ವರ್ಕಿನಲ್ಲಿ ಐದು ಅರ್ಜಿಯ ಖರ್ಚೂ ಕಳೆದು ಸುಮಾರು 168. ಸಣ್ಣ ಕೆಲಸವನ್ನೇ ಈ ಕತ್ತರಿಗಳು ಹೆಚ್ಚು ಕತ್ತರಿಸುವುದು. ಆದ್ದರಿಂದ ಶೇಕಡಾ ಎಷ್ಟು ಅಂತ ಮಾತ್ರ ಕೇಳಿ ತಾಣ ಆರಿಸಬೇಡಿ, ನಿಮಗೆ ಸಿಗುವ ಕೆಲಸ ಎಷ್ಟು ಡಾಲರಿನದು ಅಂತಲೂ ನೋಡಿ. ಹಳೆಯ ಗಿರಾಕಿಯೇ ಮತ್ತೆ ಕರೆದರೆ ಅರ್ಜಿಯ ಖರ್ಚು ಇಲ್ಲ, ಹುಡುಕುವ ಹೊತ್ತೂ ಉಳಿಯಿತು.

ಡಾಲರ್ ರೂಪಾಯಿ ಆಗುವಾಗಲೂ ಒಂದು ಪಾಲು ಸೋರುತ್ತದೆ. ಪೇಪಾಲ್, ಪೇಯೋನಿಯರ್‌ನಂಥ ಸಂಸ್ಥೆಗಳು ಟಿ.ವಿ.ಯಲ್ಲಿ ಹೇಳುವ ದರ ಕೊಡುವುದಿಲ್ಲ, ಸ್ವಲ್ಪ ಇಳಿಸಿಯೇ ಕೊಡುತ್ತವೆ. ನಮ್ಮ ಹುಡುಗಿಯ 303 ರೂಪಾಯಿಯಲ್ಲಿ 270 ತಾಣಕ್ಕೆ, ಮಿಕ್ಕ 33 ಹೋದದ್ದು ಹೀಗೆ. ಬ್ಯಾಂಕಿಗೆ ಹಾಕಲು ಪ್ರತಿ ಸಲ ಇಷ್ಟು ಅಂತ ಶುಲ್ಕ ಇರುವ ಕಡೆ ನಾಲ್ಕೈದು ಕೆಲಸದ ಹಣ ಸೇರಿಸಿ ಒಮ್ಮೆಗೆ ತೆಗೆಯಿರಿ. ಖಾತೆ ದುಡಿಯುವವಳ ಹೆಸರಿನಲ್ಲೇ ಇರಲಿ, ಅಣ್ಣನದೋ ಗಂಡನದೋ ಬೇಡ. ತಾಣದ ಹೆಸರಿಗೂ ಖಾತೆಯ ಹೆಸರಿಗೂ ತಾಳೆ ಆಗದಿದ್ದರೆ ಹಣ ನಿಲ್ಲುತ್ತದೆ. ನಾನು ಹೇಳುವ ಕಾರಣ ಅದೊಂದೇ ಅಲ್ಲ, ನಿಮಗೇ ಗೊತ್ತು.

ಶುಲ್ಕ ಉಳಿಸೋಣ, ಹೊರಗಿಂದ ಹಣ ಕಳಿಸ್ತೇನೆ ಅನ್ನುವ ಗಿರಾಕಿಗಳೂ ಸಿಗುತ್ತಾರೆ. ಒಪ್ಪಿದರೆ ತಾಣದ ಖಾತೆ ಮುಚ್ಚಿಹೋಗಬಹುದು, ಅವನು ಹಣ ಕೊಡದಿದ್ದರೆ ಕೇಳುವವರೂ ಇಲ್ಲ. ಇನ್ನು 'ಡೇಟಾ ಎಂಟ್ರಿ ಕೆಲಸ, ಮೊದಲು ನೋಂದಣಿಗೆ 2,500 ಕಟ್ಟಿ' ಅನ್ನುವವರು ಮಂಡಿಯೂ ಅಲ್ಲ ದಲ್ಲಾಳಿಯೂ ಅಲ್ಲ. ಹಣ ಕಟ್ಟಿದ ಮೇಲೆ ತಪ್ಪು ಹೆಚ್ಚಾಯಿತು, ದಂಡ ಕಟ್ಟು, ಇಲ್ಲದಿದ್ದರೆ ಕೋರ್ಟ್ ನೋಟೀಸು ಅಂತ ಹೆದರಿಸುತ್ತಾರೆ. ನಮ್ಮ ಕೇಂದ್ರಕ್ಕೆ ಹಾಗೆ ಅಳುತ್ತಾ ಬಂದವರಿದ್ದಾರೆ. ಮತ್ತೆ ಒಂದು ರೂಪಾಯಿಯೂ ಕಟ್ಟದೆ ಕೂಡಲೇ 1930ಕ್ಕೆ ಫೋನ್ ಮಾಡಿ. ನೋಟೀಸು ವಾಟ್ಸಾಪಿನಲ್ಲಿ ಬಂದರೆ ಅಳಿಸಬೇಡಿ, ಅದು ಸಾಕ್ಷಿ.

ಆ ಸಾಲದ ವಿಷಯ ಏನಾಯಿತು ಅಂತ ಕೇಳುತ್ತೀರಿ. 30,000 ಕೊಡಲಿಲ್ಲ. ಹಳೆಯ ಲ್ಯಾಪ್‌ಟಾಪಿಗೆ 14,000 ಕೊಟ್ಟರು, ತಿಂಗಳಿಗೆ ಸಾವಿರದಂತೆ ಕಂತು. ಹುಡುಗಿ ಒಂದು ನೋಟ್‌ಬುಕ್ ಮಾಡಿದ್ದಾಳೆ: ಹೇಳಿದ ಡಾಲರ್, ಬ್ಯಾಂಕಿಗೆ ಬಿದ್ದ ರೂಪಾಯಿ, ಅರ್ಜಿಯ ಖರ್ಚು, ಇಂಟರ್‌ನೆಟ್ಟಿನ ಖರ್ಚು, ಹುಡುಕಿದ್ದೂ ಸೇರಿ ಗಂಟೆ. ಮೂರನೇ ತಿಂಗಳ ಸಭೆಗೆ ಅದನ್ನು ತಂದಿದ್ದಳು. ಲೆಕ್ಕ ಬರೆಯುವ ಅಕ್ಕ ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಬೆರಳಿಟ್ಟು ನೋಡಿದರು. ಮೂರು ಕಂತೂ ಕಟ್ಟಿಯಾಗಿತ್ತು.